ಬಯಾಪ್ಸಿ ವರದಿ ತಡವಾದರೆ ಕೆಟ್ಟ ಸುದ್ದಿ ಎಂದೇ ಅರ್ಥವೇ?

ಪ್ರಶ್ನೆ: ನನಗೆ 37 ವರ್ಷ, ಹೈಸ್ಕೂಲ್ ಶಿಕ್ಷಕಿ. ಎರಡು ತಿಂಗಳ ಹಿಂದೆ ತಲೆ ಬಾಚಿಕೊಳ್ಳುವಾಗ ಕುತ್ತಿಗೆಯ ಬಲಗಡೆ ಎರಡು ಗಂಟು ಕೈಗೆ ಸಿಕ್ಕವು. ನೋವಿಲ್ಲ. ಮಾತ್ರೆ ನುಂಗಿದರೂ ಕರಗಲಿಲ್ಲ. ಸೂಜಿ ಪರೀಕ್ಷೆಯಲ್ಲಿ ಏನೂ ಸ್ಪಷ್ಟವಾಗದೆ, ಹುಬ್ಬಳ್ಳಿಯಲ್ಲಿ ಒಂದು ಗಂಟನ್ನು ಪೂರ್ತಿ ತೆಗೆದು ಬಯಾಪ್ಸಿಗೆ ಕಳಿಸಿದರು. ವಾರದಲ್ಲಿ ವರದಿ ಎಂದವರು ಈಗ ‘ಐಎಚ್‌ಸಿ ಮಾಡಬೇಕು, ಇನ್ನೂ ಹತ್ತು ದಿನ’ ಅನ್ನುತ್ತಿದ್ದಾರೆ. ಕ್ಯಾನ್ಸರ್ ಇದ್ದದ್ದಕ್ಕೇ ತಡ ಅಂತ ನನ್ನ ಮನಸ್ಸು ಹೇಳುತ್ತದೆ. ಉಳಿದ ಗಂಟನ್ನು ದಿನಕ್ಕೆ ಎಷ್ಟು ಸಲ ಮುಟ್ಟಿಕೊಳ್ಳುತ್ತೇನೋ ಲೆಕ್ಕವಿಲ್ಲ. ರಾತ್ರಿಯಿಡೀ ಮೊಬೈಲಿನಲ್ಲಿ ಓದುತ್ತೇನೆ. ಯಜಮಾನರು ‘ಏನೂ ಇರಲ್ಲ ಬಿಡು’ ಅಂದರೆ ಮೈ ಉರಿಯುತ್ತದೆ. ಅತ್ತೆಗೂ ಒಂಬತ್ತನೇ ತರಗತಿಯ ಮಗಳಿಗೂ ಏನೂ ಹೇಳಿಲ್ಲ. ಪಕ್ಕದ ಮನೆಯವರು ನಾಟಿ ಲೇಪ ಹಚ್ಚಿಸಿ ಅಂತ ಒತ್ತಾಯಿಸುತ್ತಿದ್ದಾರೆ. ಈ ಹತ್ತು ದಿನ ಹೇಗೆ ಕಳೆಯಲಿ?
— ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಮೊದಲು ತಡದ ಮಾತು. ಹೊರತೆಗೆದ ಗಂಟನ್ನು ಫಾರ್ಮಾಲಿನ್‌ನಲ್ಲಿ ನೆನೆಸಿಟ್ಟು, ಮೇಣದಲ್ಲಿ ಕೂರಿಸಿ, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಚ್ಚಿ, ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಷ್ಟಕ್ಕೇ ಕೆಲವು ದಿನ ಹಿಡಿಯುತ್ತದೆ. ಕಣ್ಣಿಗೆ ಕಂಡದ್ದು ಇದೇ ಎಂದು ಹೇಳಲಾಗದಿದ್ದಾಗ ಜೀವಕೋಶಗಳ ಜಾತಿ ಪತ್ತೆಹಚ್ಚಲು ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಪರೀಕ್ಷೆ, ಅಂದರೆ ಐಎಚ್‌ಸಿ ಮಾಡುತ್ತಾರೆ. ಕ್ಯಾನ್ಸರಿನ ಸಂಶಯವನ್ನು ಖಚಿತಪಡಿಸಿಕೊಳ್ಳಲೂ ಅದನ್ನು ಮಾಡುತ್ತಾರೆ, ತಳ್ಳಿಹಾಕಲೂ ಮಾಡುತ್ತಾರೆ. ಆದ್ದರಿಂದ ‘ಏನೂ ಇಲ್ಲ’ ಎಂದು ನಾನು ಹೇಳಲಾರೆ. ‘ಇದ್ದೇ ಇದೆ’ ಎಂದು ನೀವೂ ಹೇಳುವಂತಿಲ್ಲ. ಪರೀಕ್ಷೆ ಮುಗಿದಿಲ್ಲ ಎಂಬುದಷ್ಟೇ ಈ ತಡದ ಅರ್ಥ.

ಕುತ್ತಿಗೆಯಲ್ಲಿ ಕೈಗೆ ಸಿಗುವ ಇಂಥ ಗಂಟು ಹೆಚ್ಚಾಗಿ ಊದಿಕೊಂಡ ದುಗ್ಧರಸ ಗ್ರಂಥಿ. ನಮ್ಮ ಮೈಯಲ್ಲಿ ಅಂಥ ಸುಮಾರು 600 ಗ್ರಂಥಿಗಳಿವೆ. ಸೋಂಕು ಬಂದಾಗ ಊದಿಕೊಳ್ಳುವುದು ಅವುಗಳ ಕೆಲಸದ ಒಂದು ಭಾಗ. ಕಾಲಿಗೆ ಗಾಯವಾದಾಗ ತೊಡೆಸಂದಿಯಲ್ಲಿ ಗಂಟು ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಕುತ್ತಿಗೆಯ ಗಂಟು ವಾರಗಟ್ಟಲೆ ಇಳಿಯದಿದ್ದರೆ ನಮ್ಮ ದೇಶದಲ್ಲಿ ವೈದ್ಯರು ಮೊದಲು ನೆನೆಯುವ ಕಾರಣಗಳಲ್ಲಿ ಕ್ಷಯವೂ ಒಂದು. ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ಸಾಮಾನ್ಯವಾಗಿ ಆರು ತಿಂಗಳ ಚಿಕಿತ್ಸೆ. ಕಿಕುಚಿ ಕಾಯಿಲೆ ಎಂಬುದೊಂದಿದೆ. ಅದು ಹೆಚ್ಚಾಗಿ ಏಷ್ಯಾದ 40ರೊಳಗಿನ ಹೆಂಗಸರಲ್ಲಿ ಕಾಣಿಸಿಕೊಂಡು, ಕೆಲವು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ. ನೋಡಲು ಲಿಂಫೋಮಾ ಎಂಬ ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿನಂತೆಯೇ ಇರುವುದರಿಂದ ಅದನ್ನು ಬೇರ್ಪಡಿಸಲೂ ಐಎಚ್‌ಸಿ ಬೇಕಾಗಬಹುದು. ಇನ್ನು ಲಿಂಫೋಮಾವೇ ಆಗಿದ್ದರೂ ಅದು ಒಂದೇ ರೋಗವಲ್ಲ, ಹಲವು ಬಗೆಯದು. ಹಾಡ್ಜ್‌ಕಿನ್ ಲಿಂಫೋಮಾ ಬಂದವರಲ್ಲಿ ಹೆಚ್ಚಿನವರು ಚಿಕಿತ್ಸೆಯಿಂದ ಗುಣವಾಗುತ್ತಾರೆ. ನೀವು ರಾತ್ರಿ ಓದುವ ಅಂಕಿಸಂಖ್ಯೆಗಳು ಇನ್ನೂ ಹೆಸರೇ ಇಡದ ರೋಗದವು. ಅವು ನಿಮ್ಮವಲ್ಲ.

ಹಾಗಾದರೆ ಹತ್ತು ದಿನ ಏನು ಮಾಡಬೇಕು? ಮೊಬೈಲನ್ನು ರಾತ್ರಿ ಒಂಬತ್ತಕ್ಕೆ ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಸಂಜೆ ಶಾಲೆಯಿಂದ ಬಂದ ಮೇಲೆ ಕಾಲುಗಂಟೆಯನ್ನು ಚಿಂತೆಗೆಂದೇ ಇಟ್ಟುಕೊಳ್ಳಿ. ತಲೆಯಲ್ಲಿ ಸುತ್ತುತ್ತಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಇನ್ನೊಂದು ಪುಟಕ್ಕೆ ಇಳಿಸಿ: ಐಎಚ್‌ಸಿಯಿಂದ ಏನನ್ನು ನೋಡುತ್ತಿದ್ದೀರಿ? ಕ್ಷಯದ ಪರೀಕ್ಷೆಗೂ ಮಾದರಿ ಕಳಿಸಿದ್ದೀರಾ? ಯಾವ ತಾರೀಖಿಗೆ ಬರಲಿ? ನಡುರಾತ್ರಿ ಹೊಸ ಭಯ ಎದ್ದರೆ ‘ನಾಳೆ ಸಂಜೆಗೆ’ ಎಂದು ಒಂದು ಸಾಲು ಗೀಚಿ ಮಲಗಿ. ಮೊದಲ ದಿನವೇ ನಿದ್ದೆ ಬರುತ್ತದೆಂದಲ್ಲ. ಆದರೆ ಚಿಂತೆಗೊಂದು ಹೊತ್ತು ಗೊತ್ತಾದರೆ ಅದು ಇಡೀ ದಿನವನ್ನು ಆಕ್ರಮಿಸುವುದು ಕಡಿಮೆಯಾಗುತ್ತದೆ. ಪಾಠ ಮಾಡುವುದು ಹಿತವೆನಿಸಿದರೆ ರಜೆ ಹಾಕಬೇಡಿ.

ಗಂಟನ್ನು ಪದೇ ಪದೇ ಒತ್ತಿ ನೋಡುವುದರಿಂದ ಅಲ್ಲಿ ನೋವು, ಉರಿ ಶುರುವಾಗಿ ‘ದೊಡ್ಡದಾಗಿದೆ’ ಅನ್ನಿಸುತ್ತದೆ. ಆ ಅನಿಸಿಕೆ ಮತ್ತೆ ಮುಟ್ಟಿಸುತ್ತದೆ. ವಾರಕ್ಕೊಮ್ಮೆ, ಸ್ನಾನದ ಹೊತ್ತಿನಲ್ಲಿ ನೋಡಿಕೊಂಡರೆ ಸಾಕು. ಕೈ ತಾನಾಗಿ ಹೋದರೆ ನಿಮ್ಮನ್ನು ಬೈದುಕೊಳ್ಳಬೇಡಿ, ಕೈಗೆ ಬೇರೆ ಕೆಲಸ ಕೊಡಿ.

ಲೇಪ ಬೇಡ. ಹೊಲಿಗೆ ಹಾಕಿದ ಜಾಗಕ್ಕೆ ಸೋಂಕು ತಗಲಬಹುದು. ಗಂಟು ಕರಗಲಿ ಎಂದು ಯಾರೋ ಕೊಟ್ಟ ಮಾತ್ರೆಯೂ ಬೇಡ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಗಂಟು ತಾತ್ಕಾಲಿಕವಾಗಿ ಕುಗ್ಗಿ, ರೋಗದ ಗುರುತೇ ಮಸುಕಾಗಬಹುದು. ಪಕ್ಕದ ಮನೆಯವರಿಗೆ ‘ಡಾಕ್ಟರು ಏನೂ ಹಚ್ಚಬಾರದು ಅಂದಿದ್ದಾರೆ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

‘ಏನೂ ಇರಲ್ಲ ಬಿಡು’ ಎನ್ನುವ ನಿಮ್ಮ ಯಜಮಾನರೂ ಹೆದರಿದ್ದಾರೆಂದು ನನಗನ್ನಿಸುತ್ತದೆ. ಅವರಿಗೆ ಮಾಡಲು ಏನಾದರೂ ಬೇಕು. ‘ಧೈರ್ಯ ಹೇಳಬೇಡಿ, ಜೊತೆಗಿರಿ. ಲ್ಯಾಬಿಗೆ ಫೋನು ನೀವು ಮಾಡಿ, ವರದಿ ತೋರಿಸುವ ದಿನ ರಜೆ ಹಾಕಿ ಬನ್ನಿ’ ಎಂದು ಬಿಡಿಸಿ ಹೇಳಿ. ಮಗಳಿಗೆ ಹೇಳಿ. ಅಮ್ಮನ ಕುತ್ತಿಗೆಯ ಬ್ಯಾಂಡೇಜು ಆ ವಯಸ್ಸಿನ ಹುಡುಗಿಯ ಕಣ್ಣಿಗೆ ಬೀಳದೆ ಇರುವುದಿಲ್ಲ. ಏನೂ ಹೇಳದಿದ್ದರೆ ಅವಳೇ ಏನೇನೋ ಊಹಿಸಿಕೊಳ್ಳುತ್ತಾಳೆ. ‘ಒಂದು ಗಂಟು ತೆಗೆದಿದ್ದಾರೆ, ಏನೆಂದು ಇನ್ನೂ ಗೊತ್ತಿಲ್ಲ, ಗೊತ್ತಾದ ದಿನ ನಿನಗೂ ಹೇಳುತ್ತೇನೆ’ ಎಂದರೆ ಸಾಕು. ಅತ್ತೆಗೆ ಈಗ ಹೇಳುವುದೋ ಆಮೇಲೋ ನಿಮ್ಮಿಷ್ಟ. ಕ್ಷಯ ಎಂದಾದರೆ ತಟ್ಟೆ ಲೋಟ ಬೇರೆ ಮಾಡುತ್ತಾರೆಂಬ ಅಂಜಿಕೆ ಇದ್ದರೆ ಇದು ತಿಳಿದಿರಲಿ: ಶ್ವಾಸಕೋಶಕ್ಕೆ ತಗಲದೆ ಬರೀ ಗಂಟಿನಲ್ಲಿರುವ ಕ್ಷಯ ಮನೆಯವರಿಗೆ ಹರಡುವುದಿಲ್ಲ.

ಕೆಲವು ವಿಷಯಗಳಲ್ಲಿ ಮಾತ್ರ ಕಾಯಬೇಡಿ. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ, ಮುಖ ಊದಿಕೊಂಡರೆ, ಹೊಲಿಗೆಯಲ್ಲಿ ಕೀವು ಬಂದರೆ, ಜ್ವರ ಏರಿದರೆ ಅಂದೇ ಆಸ್ಪತ್ರೆಗೆ ಹೋಗಿ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಹೊಸ ಗಂಟು, ಇವನ್ನು ವೈದ್ಯರಿಗೆ ತಿಳಿಸಿ. ಸಂಕಟ ತಡೆಯಲಾಗದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೊಂದು ಮಾತು. ಈಗೀಗ ವೈದ್ಯರನ್ನು ಕಾಣುವ ಮೊದಲೇ ವರದಿ ವಾಟ್ಸಾಪಿಗೆ ಬಂದು ಬೀಳುತ್ತದೆ. ಸ್ಟಾಫ್ ರೂಮಿನಲ್ಲೋ ಬಸ್ಸಿನಲ್ಲೋ ಒಬ್ಬರೇ ಅದನ್ನು ತೆರೆದು ಇಂಗ್ಲಿಷ್ ಪದಗಳ ನಡುವೆ ಸಿಕ್ಕಿಬೀಳಬೇಡಿ. ವರದಿ ಯಜಮಾನರ ಫೋನಿಗೆ ಬರಲಿ ಎಂದು ಲ್ಯಾಬಿಗೆ ಇಂದೇ ತಿಳಿಸಿ. ಬಂದ ದಿನ ಇಬ್ಬರೂ ನೋಟ್‌ಬುಕ್ ಹಿಡಿದು ವೈದ್ಯರ ಎದುರೇ ಕೂತು ಓದಿಸಿಕೊಳ್ಳಿ.