ಅಕ್ಷರ ದಾಸೋಹ: ಹೆಸರಿನ ಹೊಣೆ



‘ದಾಸೋಹ’ವೆಂಬ ಪದವನ್ನು ಬಿಡಿಸಿದರೆ ‘ದಾಸಃ ಅಹಮ್’, ಅಂದರೆ ‘ನಾನು ದಾಸನು’ ಎಂದಾಗುವುದು. ನೀಡುವವನು ತನ್ನನ್ನು ದಾತನೆಂದು ಬಗೆದರೆ ಅದು ಬರಿಯ ದಾನ. ಉಣ್ಣುವವನಿಗೆ ತಾನು ಸೇವಕನೆಂದು ಅರಿತರೆ ಮಾತ್ರವೇ ದಾಸೋಹ.

ಶರಣರ ಈ ಪದವನ್ನು ನಮ್ಮ ರಾಜ್ಯವು ಶಾಲೆಯ ಬಿಸಿಯೂಟಕ್ಕೆ ಇಟ್ಟಿತು. 1995ರ ಕೇಂದ್ರ ಯೋಜನೆಯಲ್ಲಿ ಮಗುವಿನ ಕೈಗೆ ತಿಂಗಳಿಗೆ 3 ಕಿಲೋ ಧಾನ್ಯ ದೊರೆಯುತ್ತಿತ್ತು. ಮನೆಗೆ ಹೋದ ಧಾನ್ಯ ಮನೆಯವರೆಲ್ಲರ ಪಾಲಾಗುವುದು ಸಹಜ. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆಜ್ಞಾಪಿಸಿತು. 2002ರ ಜೂನಿನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಯಿತು. 2003ರಲ್ಲಿ ಉಡುಪಿಯೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ಹಬ್ಬಿತು. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ಇದರ ಅಳತೆ. ಆರರಿಂದ ಎಂಟರವರೆಗೆ ಅದರ ಒಂದೂವರೆ ಪಟ್ಟು.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ನಸುಕಿನಲ್ಲೇ ಕಡಲಿಗಿಳಿಯುವ ತಂದೆಯರೂ, ಗೇರುಬೀಜದ ಕಾರ್ಖಾನೆಗೆ ಹೊರಡುವ ತಾಯಂದಿರೂ ಉಂಟು. ಅಂಥವರ ಮಗು ಗಂಜಿಯುಂಡು ಮಳೆಯಲ್ಲಿ ಗದ್ದೆಯಂಚನ್ನು ತುಳಿದು ಶಾಲೆಗೆ ಬರುತ್ತದೆ. ಹಸಿದ ಮಗುವಿನ ಕಿವಿಗೆ ಪಾಠ ಬಿದ್ದರೂ ಮನದಲ್ಲಿ ನಿಲ್ಲದು.

“ನಮ್ಮ ಮನೆಯಲ್ಲಿ ಅನ್ನಕ್ಕೆ ಕೊರತೆಯೇ? ನಮ್ಮ ಮಗುವೇಕೆ ಅಲ್ಲಿ ಉಣ್ಣಬೇಕು?” ಎಂದು ಕೇಳುವ ಗೃಹಸ್ಥರಿದ್ದಾರೆ. ಅಡುಗೆಯಾಕೆಯ ಕುಲವನ್ನು ವಿಚಾರಿಸಿ ಬುತ್ತಿ ಕಟ್ಟುವವರೂ ಇಲ್ಲದಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸಿದವರು ಕುಲವನ್ನು ಕೇಳಬಹುದೇ? ಉಳ್ಳವರ ಮಗು ಪಂಕ್ತಿಯಿಂದ ಎದ್ದರೆ ಇಲ್ಲದವರ ಮಗುವಿನ ಊಟ ಭಿಕ್ಷೆಯಾಗುತ್ತದೆ. ಎಲ್ಲರೂ ಕೂಡಿ ಕುಳಿತರೆ ಅದೇ ಅನ್ನ ಪ್ರಸಾದವಾಗುತ್ತದೆ. ಅನ್ನವು ಸರ್ಕಾರದ್ದು, ಅದನ್ನು ಪ್ರಸಾದವಾಗಿಸುವ ಭಾವ ನಮ್ಮದು.

ಊರಿನ ಏಳಿಗೆಯೂ ಈ ಪಂಕ್ತಿಯಲ್ಲಿ ಅಡಗಿದೆ. ದೂರದ ಬ್ರೆಜಿಲ್ ದೇಶವು 2009ರ ಕಾನೂನಿನಿಂದ ಶಾಲೆಯೂಟದ ಕೇಂದ್ರ ಅನುದಾನದಲ್ಲಿ ಶೇಕಡಾ 30ರಷ್ಟನ್ನಾದರೂ ಸಣ್ಣ ರೈತ ಕುಟುಂಬಗಳ ಬೆಳೆಗೆ ವೆಚ್ಚ ಮಾಡುವಂತೆ ವಿಧಿಸಿತು. ನಮ್ಮ ಹಿತ್ತಿಲ ಬಸಳೆ, ಸೌತೆ, ತೆಂಗಿನಕಾಯಿ ಶಾಲೆಯ ಹುಳಿಗೆ ಸೇರಲಾರವೇ?

ಆದುದರಿಂದ ಗೃಹಸ್ಥರು ತಿಂಗಳಿಗೊಮ್ಮೆಯಾದರೂ ಶಾಲೆಗೆ ಹೋಗಿ, ಅಕ್ಕಿಯನ್ನೂ ನೀರನ್ನೂ ನೋಡಿ, ಅಡುಗೆಯ ತಾಯಂದಿರಿಗೆ ಶರಣೆಂದು, ಮಕ್ಕಳ ಸಾಲಿನಲ್ಲಿ ಕುಳಿತು ಉಣ್ಣಲಿ. ಶರಣರ ಪದವನ್ನು ಸರ್ಕಾರವು ಎರವಲು ಪಡೆದಿದೆ. ಅದರ ಅರ್ಥವನ್ನು ಉಳಿಸುವ ಹೊಣೆ ನಮ್ಮದು.