ಚಿತ್ರದೊಳಗಿನ ಊರು

ಮಕ್ಕಳೇ, ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಸಿರು ಮುಖದ ಒಬ್ಬ ಮನುಷ್ಯ. ಅವನೆದುರು ಅಷ್ಟೇ ದೊಡ್ಡದಾದ ಹಸುವಿನ ಮುಖ. ಹಸುವಿನ ಕೆನ್ನೆಯೊಳಗೆ ಪುಟ್ಟ ಹೆಂಗಸೊಬ್ಬಳು ಹಾಲು ಕರೆಯುತ್ತಿದ್ದಾಳೆ! ಮೇಲೆ ಸಾಲು ಮನೆಗಳು. ಎರಡು ಮನೆಗಳು ತಲೆಕೆಳಗಾಗಿವೆ. ನಗು ಬಂತೇ? ಬರಲಿ. 'ನಾನು ಮತ್ತು ಹಳ್ಳಿ' ಎಂಬ ಈ ಚಿತ್ರವನ್ನು ಮಾರ್ಕ್ ಶಗಾಲ್ ಎಂಬ ಕಲಾವಿದರು 1911ರಲ್ಲಿ ಬರೆದರು.

ಚಿತ್ರದಲ್ಲಿರುವುದು ಅವರು ಹುಟ್ಟಿ ಬೆಳೆದ ಕಡೆಯ ನೆನಪು. ಆದರೆ ಬರೆದದ್ದು ದೂರದ ಪ್ಯಾರಿಸ್ ನಗರದಲ್ಲಿ.

ಶಗಾಲ್ 1887ರಲ್ಲಿ ವಿಟೆಬ್ಸ್ಕ್ ಎಂಬ ಊರಿನಲ್ಲಿ, ಯೆಹೂದಿ ಕುಟುಂಬದಲ್ಲಿ ಹುಟ್ಟಿದರು. ಆ ಊರು ಆಗ ರಷ್ಯಾದಲ್ಲಿತ್ತು, ಈಗ ಬೆಲಾರೂಸ್ ದೇಶದಲ್ಲಿದೆ. ತಂದೆ ಮೀನಿನ ಪೀಪಾಯಿ ಹೊರುವ ಕೂಲಿ. ತಾಯಿಯದು ಚಿಕ್ಕ ದಿನಸಿ ಅಂಗಡಿ. ಮನೆಯ ಮಾತು ಯಿಡ್ಡಿಷ್, ಸರಕಾರದ ಮಾತು ರಷ್ಯನ್. ಮನೆಯಲ್ಲೊಂದು ಮಾತು, ಹೊರಗೊಂದು ಮಾತು ಆಡುವುದು ನಿಮಗೇನೂ ಹೊಸದಲ್ಲ, ಅಲ್ಲವೇ? ಪ್ಯಾರಿಸ್‌ಗೆ ಹೋದ ಮೇಲೆ ಮೂರನೆಯದಾಗಿ ಫ್ರೆಂಚ್ ಬಂತು.

ಪ್ಯಾರಿಸ್‌ನಲ್ಲಿ ಅವರು ಬಾಡಿಗೆಗೆ ಹಿಡಿದ ಕೋಣೆ ಒಂದು ದುಂಡನೆಯ ಕಟ್ಟಡದಲ್ಲಿತ್ತು. ಕಟ್ಟಡದ ಹೆಸರೇ 'ಜೇನುಗೂಡು'. ನಾನಾ ದೇಶಗಳಿಂದ ಬಂದ ಬಡ ಕಲಾವಿದರು ಅಲ್ಲಿದ್ದರು. ಹತ್ತಿರದ ಕಸಾಯಿಖಾನೆಯಿಂದ ದನಗಳ ಕೂಗು ಕೇಳಿಸುತ್ತಿತ್ತು. ಶಗಾಲ್ ರಾತ್ರಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಚಿತ್ರ ಬರೆಯುತ್ತಿದ್ದರು. ಮೇಜಿನ ಬಟ್ಟೆ, ಹಾಸಿಗೆಯ ಬಟ್ಟೆ, ಕೊನೆಗೆ ಮಲಗುವಾಗ ತೊಡುವ ಅಂಗಿಯನ್ನೂ ಹರಿದು ಅದರ ಮೇಲೆ ಬರೆದರು.

1914ರಲ್ಲಿ ಅವರು ಊರಿಗೆ ಹೋದರು. ಅಷ್ಟರಲ್ಲಿ ಮಹಾಯುದ್ಧ ಶುರುವಾಗಿ ಅಲ್ಲೇ ಉಳಿಯಬೇಕಾಯಿತು. ಆಗ ಬರೆದ ಒಂದು ಚಿತ್ರದಲ್ಲಿ ಚೀಲ ಹೊತ್ತ ಮುದುಕನೊಬ್ಬ ಮನೆಗಳ ಮೇಲೆ, ಗಾಳಿಯಲ್ಲಿ ಹೋಗುತ್ತಿದ್ದಾನೆ. ಇದೆಂಥ ವಿಚಿತ್ರ! ಆದರೆ ಯಿಡ್ಡಿಷ್ ಬಲ್ಲವರಿಗೆ ಇದು ವಿಚಿತ್ರವಲ್ಲ. ಮನೆಮನೆಗೆ ತಿರುಗಿ ಬೇಡುವವನನ್ನು ಆ ಭಾಷೆಯಲ್ಲಿ 'ಮನೆಗಳ ಮೇಲೆ ಹೋಗುವವನು' ಎನ್ನುತ್ತಾರೆ. ಶಗಾಲ್ ಆ ನುಡಿಗಟ್ಟನ್ನೇ ಚಿತ್ರವಾಗಿಸಿದರು.

ಇನ್ನೊಂದು ಕಥೆಯೂ ಇದೆ. ಎಲೀಯ ಎಂಬ ಪ್ರವಾದಿ ಬಡವನ ವೇಷದಲ್ಲಿ ಊರೂರು ಸುತ್ತುತ್ತಾನೆಂದು ಯೆಹೂದಿಯರು ಹೇಳುತ್ತಾರೆ. ಪಸ್ಕ ಹಬ್ಬದ ರಾತ್ರಿ ಅವನಿಗಾಗಿ ಬಾಗಿಲು ತೆರೆದಿಡುತ್ತಾರೆ. ಚೀಲ ಹೊತ್ತ ಆ ಮುದುಕ ಬರೀ ಭಿಕ್ಷುಕನೋ, ಎಲೀಯನೋ? ಚಿತ್ರ ನೋಡಿದವರೇ ಹೇಳಬೇಕು.

1922ರಲ್ಲಿ ಶಗಾಲ್ ರಷ್ಯಾವನ್ನು ಬಿಟ್ಟರು. 1941ರಲ್ಲಿ ಹಿಟ್ಲರನ ಸೇನೆಯ ಭಯದಿಂದ ಫ್ರಾನ್ಸನ್ನೂ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಅದೇ ವರ್ಷ ಆ ಸೇನೆ ವಿಟೆಬ್ಸ್ಕ್ ಊರನ್ನು ಹಿಡಿಯಿತು. ಅಲ್ಲಿ ಉಳಿದಿದ್ದ ಯೆಹೂದಿಯರನ್ನು ಕೊಂದರು. 'ಮನೆಗಳ ಮೇಲೆ ಹೋಗುವವನು' ಎಂದು ಹೇಳುವ ಜನರೇ ಆ ಬೀದಿಗಳಲ್ಲಿ ಉಳಿಯಲಿಲ್ಲ. 1944ರಲ್ಲಿ ಶಗಾಲ್ ತಮ್ಮ ಊರಿಗೇ ಒಂದು ಪತ್ರ ಬರೆದರು, ಯಿಡ್ಡಿಷ್ ಭಾಷೆಯಲ್ಲಿ.

1973ರಲ್ಲಿ, ತಮ್ಮ 85ನೆಯ ವಯಸ್ಸಿನಲ್ಲಿ, ಅವರು ಮಾಸ್ಕೋ ಮತ್ತು ಲೆನಿನ್‌ಗ್ರಾಡ್ ನಗರಗಳಿಗೆ ಬಂದರು. ವಿಟೆಬ್ಸ್ಕ್‌ಗೆ ಮಾತ್ರ ಹೋಗಲಿಲ್ಲ. ಫ್ರಾನ್ಸಿಗೆ ಹಿಂತಿರುಗಿ, 1985ರಲ್ಲಿ ತೀರಿಕೊಳ್ಳುವವರೆಗೂ ಚಿತ್ರ ಬರೆಯುತ್ತಲೇ ಇದ್ದರು. ಆ ಚಿತ್ರಗಳಲ್ಲಿ ಹಸು, ಪಿಟೀಲು, ಮರದ ಮನೆಗಳು ಮತ್ತೆ ಮತ್ತೆ ಬರುತ್ತವೆ.

ಅಭ್ಯಾಸ

1. ಮುದುಕನು ಮನೆಗಳ ಮೇಲೆ ಹೋಗುವಂತೆ ಶಗಾಲ್ ಏಕೆ ಬರೆದರು?
2. ಶಗಾಲ್ ವಿಟೆಬ್ಸ್ಕ್‌ಗೆ ಏಕೆ ಹೋಗಲಿಲ್ಲವೆಂದು ನಿಮಗೆ ಅನಿಸುತ್ತದೆ? ಗೆಳೆಯರೊಡನೆ ಮಾತನಾಡಿ.
3. 'ಕಾಲಿಗೆ ಬುದ್ಧಿ ಹೇಳಿದನು' ಎಂದರೆ ಓಡಿಹೋದನು ಎಂದರ್ಥ. ಇದನ್ನು ಶಗಾಲ್ ಅವರಂತೆ ಚಿತ್ರವಾಗಿ ಬರೆಯಿರಿ. ಮನೆಯ ಹಿರಿಯರಿಂದ ಇಂಥ ಇನ್ನೂ ಎರಡು ನುಡಿಗಟ್ಟುಗಳನ್ನು ಕೇಳಿಕೊಂಡು ಬನ್ನಿ.