ತಲೆಸುತ್ತು ಬಂದರೆ ಒಳಕಿವಿಯನ್ನೂ ತೋರಿಸಿ

ಎಲ್ಲೂರು, ಕಾಪು, ಕಾರ್ಕಳದ ಕಡೆ ತಲೆ ತಿರುಗಿತೆಂದರೆ ಪಿತ್ತ ಎನ್ನುತ್ತಾರೆ, ಇಲ್ಲವೇ ಬಿ.ಪಿ. ನೋಡಿಸುತ್ತಾರೆ. ಬಿ.ಪಿ. ನೋಡಿಸುವುದು ಸರಿಯೇ. ಆದರೆ ಸುತ್ತಲಿನದೆಲ್ಲ ಗಿರ್ರನೆ ತಿರುಗಿ, ಜೊತೆಗೆ ಒಂದು ಕಿವಿ ಕಟ್ಟಿದಂತಾಗಿ, ಗುಂಯ್ ಎನ್ನುತ್ತಾ ಮಂದವಾದರೆ ಒಳಕಿವಿಯನ್ನು ಶಂಕಿಸಲೇಬೇಕು. ಒಳಕಿವಿಯಲ್ಲಿರುವ ಶಂಖದಾಕಾರದ ಕಾಕ್ಲಿಯಾದ ಗೋಡೆಯಲ್ಲಿ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡ ‘ಸ್ಟ್ರಯಾ ವ್ಯಾಸ್ಕ್ಯುಲಾರಿಸ್’ ಎಂಬ ಪಟ್ಟಿಯಿದೆ. ಒಳಗಿನ ಎಂಡೋಲಿಂಫ್ ದ್ರವಕ್ಕೆ ಪೊಟ್ಯಾಸಿಯಂ ಸ್ರವಿಸುವುದು ಅದೇ. ದೇಹದ ಉಳಿದೆಡೆ ಜೀವಕೋಶಗಳ ಹೊರಗಿನ ದ್ರವದಲ್ಲಿ ಸೋಡಿಯಂ ಹೆಚ್ಚು. ಇಲ್ಲಿ ಮಾತ್ರ ಲೀಟರಿಗೆ ಸುಮಾರು 150 ಮಿಲಿಮೋಲ್ ಪೊಟ್ಯಾಸಿಯಂ. ಆ ಪಟ್ಟಿಯೇ ಹುಟ್ಟಿಸುವ ಸುಮಾರು 80 ಮಿಲಿವೋಲ್ಟ್ ವಿದ್ಯುತ್ತಿನ ಬಲದಿಂದ ರೋಮಕೋಶಗಳು ಶಬ್ದವನ್ನು ಹಿಡಿಯುತ್ತವೆ. ದ್ರವವನ್ನು ಹದದಲ್ಲಿಡಲು ಎಂಡೋಲಿಂಫ್ ಚೀಲ ನೆರವಾಗುತ್ತದೆ. ಈ ಹದ ತಪ್ಪಿ ದ್ರವ ಉಬ್ಬಿರುವುದು ಮೆನಿಯೇರ್ ಕಾಯಿಲೆಯಲ್ಲಿ ಕಾಣುತ್ತದೆ. ತಲೆಸುತ್ತಿನ ಮೂಲ ಕಿವಿಯಲ್ಲಿರಬಹುದೆಂದು ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ 1861ರಲ್ಲೇ ಹೇಳಿದ್ದರು. ಉಬ್ಬಿದ ದ್ರವಕ್ಕೆ ಸಾಕ್ಷ್ಯ ಸಿಕ್ಕಿದ್ದು 1938ರಲ್ಲಿ, ಮೃತ ರೋಗಿಗಳ ಕಿವಿಯ ಎಲುಬನ್ನು ಪರೀಕ್ಷಿಸಿದಾಗ.

ಸುತ್ತು ಶುರುವಾದೊಡನೆ ಕುಳಿತುಬಿಡಿ. ಬಾವಿಕಟ್ಟೆ, ಏಣಿ, ಬೈಕಿನಿಂದ ದೂರವಿರಿ. ಇಳಿದ ಮೇಲೆ ಅದು ಎಷ್ಟು ಹೊತ್ತು ಇತ್ತು, ಯಾವ ಕಿವಿ ಮಂದವಾಗಿತ್ತು ಎಂದು ಬರೆದಿಡಿ. ಮಗ್ಗುಲು ಬದಲಿಸಿದಾಗ ಕೆಲವೇ ಸೆಕೆಂಡು ಬರುವ ಸುತ್ತು ಸಾಮಾನ್ಯವಾಗಿ ಒಳಕಿವಿಯಲ್ಲಿ ಸ್ಥಾನ ತಪ್ಪಿದ ಕ್ಯಾಲ್ಸಿಯಂ ಹರಳಿನದು. ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಅದನ್ನು ಸರಿಪಡಿಸುತ್ತಾರೆ. ಮೆನಿಯೇರ್ ಸುತ್ತು 20 ನಿಮಿಷದಿಂದ 12 ಗಂಟೆಯವರೆಗೆ ಕಾಡುತ್ತದೆ. ಬರೆದಿಟ್ಟದ್ದನ್ನು ಹಿಡಿದು ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲೋ ಹತ್ತಿರದಲ್ಲೋ ಕಿವಿ ಮೂಗು ಗಂಟಲು ತಜ್ಞರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಆರಂಭದಲ್ಲಿ ಕಿವಿ ಮಂದವಾಗಿ ಮತ್ತೆ ಸರಿಯಾಗುವುದರಿಂದ, ತಡಮಾಡಿದರೆ ಸುಳಿವು ತಪ್ಪಬಹುದು.

ಮುಂದಿನದು ಉಪ್ಪು. ಗಂಜಿಗೆ ಉಪ್ಪಿನಕಾಯಿ, ಒಣಮೀನು, ಉಪ್ಪುನೀರಿನ ಹಲಸಿನ ಸೊಳೆ ನಮ್ಮ ಕರಾವಳಿಯ ರೂಢಿ. ಉಪ್ಪು ಕಡಿಮೆ ಮಾಡಿದರೆ ಮೆನಿಯೇರ್ ತಗ್ಗುತ್ತದೆಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ: ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆಗೆ ಈ ಬಗ್ಗೆ ಒಂದೂ ಯೋಗ್ಯ ಪ್ರಯೋಗ ಸಿಗಲಿಲ್ಲ. ಹಾಗಾಗಿ ಇದನ್ನು ಮದ್ದೆಂದು ಯಾರೂ ಮಾರಬಾರದು. ಆದರೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಎಂಬ ಮಿತಿ ರಕ್ತದೊತ್ತಡಕ್ಕೂ ಒಳ್ಳೆಯದು, ಖರ್ಚೂ ಇಲ್ಲ. ಮಾಡಿ ನೋಡುವುದೇ ಸರಿ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯುವವರು, ಬಿ.ಪಿ. ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಿಯೇ ಕಡಿಮೆ ಮಾಡಲಿ.

ಸುತ್ತಿನೊಂದಿಗೆ ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ ಅಥವಾ ಎರಡೆರಡು ಕಂಡರೆ ಕಿವಿಯೆಂದು ಕಾಯಬೇಡಿ. ಅದು ಪಾರ್ಶ್ವವಾಯು ಇರಬಹುದು; ತಕ್ಷಣ 108ಕ್ಕೆ ಕರೆ ಮಾಡಿ.